ಹಾರ್ನ್ ಬಂದೈತಿ

ನನ್ನ ಮೊಣಕಾಲಿಗೆ ಕೊಟ್ಟ ಮಾತು ಉಳಿಸಿಕೊಂಡು ಗೊತ್ತಿಲ್ಲ. ಮನೆಯಲ್ಲಿದ್ದಷ್ಟು ಹೊತ್ತು ಕಟಕಟ ಎನ್ನುತ್ತದೆ, ಹಿಡಿದುಕೊಳ್ಳುತ್ತದೆ, ಅಡುಗೆಮನೆಯ ಹೊಸ್ತಿಲು ದಾಟುವಾಗ ಬಾಗಿಲ ಚೌಕಟ್ಟಿಗೆ ಜೋತು ಬೀಳುವಂತೆ ಮಾಡುತ್ತದೆ. ಡಾಕ್ಟರ ಮುಂದೆ ಕೂರಿಸಿದರೆ ಮಾತ್ರ ಹೊಸ ಸೊಸೆಯ ಹಾಗೆ ಹೇಳಿದಂತೆ ಕೇಳುತ್ತದೆ. ಮೊನ್ನೆ ನೀವು ನನ್ನನ್ನು ಚಿಕ್ಕೋಡಿಗೆ ಕರೆದುಕೊಂಡು ಹೋದಿರಲ್ಲ, ಆ ಡಾಕ್ಟರು ಕಾಲನ್ನು ಮಡಿಚಿದರು, ಚಾಚಿದರು, ತಿರುವಿದರು, ಎಲ್ಲಿ ನೋವು ಎಂದು ಕೇಳಿದರು. ಎಲ್ಲಿಯೂ ಇರಲಿಲ್ಲ. ಹುಡುಕಿದರೂ ಸಿಗಲಿಲ್ಲ. ಆಗ ಅವರು ನನ್ನ ಕಡೆ ಒಂದು ನೋಟ ನೋಡಿದರು. ಆ ನೋಟ ನನಗೆ ಹೊಸದಲ್ಲ, ಮಕ್ಕಳೇ. ರಾಯಬಾಗದ ನಮ್ಮ ಅಂಗಡಿಯಲ್ಲಿ ನಿಮ್ಮ ಅಜ್ಜ ಗಿರಾಕಿಗಳನ್ನು ಅದೇ ನೋಟದಿಂದ ನೋಡುತ್ತಿದ್ದರು.

ಅಜ್ಜನದು ಮೋಟರ್ ಸೈಕಲ್ ರಿಪೇರಿ ಅಂಗಡಿ ಎಂಬುದು ನಿಮಗೆ ಗೊತ್ತು. ಎಂಜಿನ್ ಕೆಟ್ಟು ಬಂದರೆ ಅವರಿಗೆ ಹಬ್ಬ. ಎಂಜಿನ್ ಪ್ರಾಮಾಣಿಕ, ಕೆಟ್ಟರೆ ಎಲ್ಲರ ಮುಂದೆ ಕೆಟ್ಟೇ ಇರುತ್ತದೆ ಎನ್ನುತ್ತಿದ್ದರು. ಆದರೆ ಕರೆಂಟಿನ ತಕರಾರು ಬಂತೆಂದರೆ ಅವರ ಮುಖ ಹುಳಿ ಮಜ್ಜಿಗೆ ಕುಡಿದಂತಾಗುತ್ತಿತ್ತು. ದಾರಿಯುದ್ದಕ್ಕೂ ಕಾಡಿದ ಗಾಡಿ ನಮ್ಮ ಅಂಗಡಿಯ ಬೋರ್ಡು ಕಂಡ ಕೂಡಲೇ ಸರಿಯಾಗಿಬಿಡುತ್ತಿತ್ತು. ಒಬ್ಬರ ಗಾಡಿಯ ದೀಪ ಹೆಂಡತಿ ಹಿಂದೆ ಕೂತಾಗ ಮಾತ್ರ ಆರುತ್ತಿತ್ತು. ಅದೂ ಅವಳ ತವರಿಗೆ ಹೋಗುವಾಗ ಮಾತ್ರವಂತೆ, ಬರುವಾಗ ಝಗಝಗ. ಒಬ್ಬ ಮಾಸ್ತರರ ಗಾಡಿ ಶಾಲೆಯ ದಾರಿಯಲ್ಲಿ ದಿನಾ ನಿಲ್ಲುತ್ತಿತ್ತು, ರವಿವಾರ ಸಂತೆಗೆ ಹೊರಟರೆ ಕುದುರೆಯಂತೆ ಓಡುತ್ತಿತ್ತು. ರಿಪೇರಿ ಬೇಕಾದದ್ದು ಗಾಡಿಗಲ್ಲ ಎಂದು ಅಜ್ಜ ಗೊಣಗಿಕೊಂಡರು. ಇನ್ನೊಬ್ಬರ ಗಾಡಿಯಲ್ಲಿ ಎಡಗಡೆಯ ಸಿಗ್ನಲ್ ಹಾಕಿದರೆ ಬಲಗಡೆಯದು ಮಿಣುಕುತ್ತಿತ್ತು. ಅದನ್ನು ಸರಿಮಾಡಿ ಕೊಟ್ಟರೆ ಎರಡನೆಯ ದಿನವೇ ಸಿಟ್ಟಿನಿಂದ ಬಂದರು. ಇಷ್ಟು ವರ್ಷ ಉಲ್ಟಾ ಹಾಕಿ ರೂಢಿಯಾಗಿದೆ, ಈಗ ಎಲ್ಲರೂ ಬೈಯುತ್ತಿದ್ದಾರೆ, ಮೊದಲಿನ ಹಾಗೆ ಕೆಡಿಸಿಕೊಡಿ ಎಂದರು.

ಇಂಥ ತಕರಾರುಗಳನ್ನು ಕೇಳಿಸಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದದ್ದು ನನ್ನ ದುರ್ದೈವ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ನನ್ನ ಹಳೆಯ ಸೀರೆಯ ಪರದೆ. ಅಜ್ಜ ಸಾಮಾನು ತರಲು ಚಿಕ್ಕೋಡಿಗೋ ನಿಪ್ಪಾಣಿಗೋ ಹೋದಾಗ ಗಿರಾಕಿ ಹೇಳಿದ್ದನ್ನು ನಾನು ಕೇಳಿಟ್ಟುಕೊಂಡು ಅವರಿಗೆ ಒಪ್ಪಿಸಬೇಕು, ಅವರು ಹೇಳಿದ್ದನ್ನು ಗಿರಾಕಿಗೆ ಒಪ್ಪಿಸಬೇಕು. ನಾನೋ ಪರಗಂಡಸರ ಎದುರು ಬಾಯಿ ಬಿಟ್ಟರೆ ಉಸಿರು ಬರುತ್ತಿತ್ತೇ ಹೊರತು ಮಾತು ಬರುತ್ತಿರಲಿಲ್ಲ. ನನ್ನ ತವರು ಬೋರಗಾಂವ. ಅಲ್ಲಿ ಬೆಳಗಿನಿಂದ ಮಗ್ಗಗಳ ಖಟಾಖಟ್ ಸದ್ದು, ಆದ್ದರಿಂದ ಊರಿನವರೆಲ್ಲ ಒಂದು ಲೋಟ ನೀರು ಕೇಳುವುದಿದ್ದರೂ ಕೂಗಿಯೇ ಕೇಳುತ್ತಾರೆ. ನನ್ನ ಅಕ್ಕ ತಂಗಿಯರು ಮಾತಾಡಿದರೆ ಪಕ್ಕದ ಓಣಿಯವರು ಉತ್ತರ ಕೊಡುತ್ತಿದ್ದರು. ನಾನೊಬ್ಬಳು ಮಾತ್ರ ಮೆಲುದನಿಯವಳು. ಆ ಸದ್ದಿನಲ್ಲಿ ನಾನು ಏನು ಹೇಳಿದೆನೆಂದು ಮದುವೆಯಾಗುವವರೆಗೆ ಯಾರಿಗೂ ಕೇಳಿಸಿರಲಿಲ್ಲ ಎಂದು ಕಾಣುತ್ತದೆ. ಕೇಳಿಸಿದ ಮೊದಲನೆಯವರೇ ಗಿರಾಕಿಗಳು. ಅವರಿಗೂ ಪೂರಾ ಕೇಳಿಸಲಿಲ್ಲ ಎಂಬುದೇ ಈ ಕಥೆ.

ನೀವು ಇಂಗ್ಲಿಷ್ ಶಾಲೆಯ ಮಕ್ಕಳು, ಆದ್ದರಿಂದ ಒಂದು ಮಾತನ್ನು ಬಿಡಿಸಿ ಹೇಳಬೇಕು. ನಮ್ಮ ಕಡೆ ಏನೇ ಬಂದರೂ 'ಬಂದೈತಿ' ಎನ್ನುತ್ತೇವೆ. ಬಸ್ಸು ಬಂದೈತಿ, ನೀರು ಬಂದೈತಿ, ಕೆಟ್ಟ ದೀಪ ರಿಪೇರಿಯಾದರೆ ದೀಪ ಬಂದೈತಿ. ಏನೇ ನಿಂತುಹೋದರೂ, ಮುಚ್ಚಿದ್ದರೂ 'ಬಂದ್ ಐತಿ' ಎನ್ನುತ್ತೇವೆ. ಅಂಗಡಿ ಬಂದ್ ಐತಿ, ಗಿರಣಿ ಬಂದ್ ಐತಿ. ಬರೆದರೆ ಎರಡರ ನಡುವೆ ಜಾಗವಿದೆ. ಬಾಯಲ್ಲಿ ಎಲ್ಲಿದೆ ಜಾಗ? ಊರಿನವರು ಮಾತಿನ ಎಳೆತದಿಂದ, ತಲೆ ಆಡಿಸುವುದರಿಂದ ಅರ್ಥ ಮಾಡಿಕೊಳ್ಳುತ್ತಾರೆ. ನಾನು ಪರದೆಯ ಹಿಂದಿನವಳು. ನನ್ನ ತಲೆ ಯಾರಿಗೆ ಕಾಣಬೇಕು?

ಅಪ್ಪಾಸಾಬ ಅಲಖನೂರಿನ ಕಬ್ಬಿನ ಜಮೀನಿನವರ ಮನೆಯ ಹುಡುಗ. ಅವನಿಗೆ ಮುಗಳಖೋಡದ ನೇಮಣ್ಣ ಕಾಕಾ ಅವರ ಮಗಳನ್ನು ಮಾತಾಡಿದ್ದರು. ಸಾಖರಪುಡಾ, ಅಂದರೆ ಸಕ್ಕರೆ ಹಂಚಿ ನಿಶ್ಚಯ ಮಾಡುವ ಶಾಸ್ತ್ರ, ಒಂದೇ ಬಾಕಿ. ಆ ವರ್ಷ ಅಪ್ಪಾಸಾಬನ ಎಮ್ಮೆಗಳಿಗೆ ಇದ್ದಕ್ಕಿದ್ದಂತೆ ಮುಗಳಖೋಡದ ಹಿಂಡಿಯೇ ಸೇರತೊಡಗಿತು. ಬೇರೆ ಊರಿನ ಹಿಂಡಿಯನ್ನು ಮೂಸಿಯೂ ನೋಡುವುದಿಲ್ಲ ಎಂದು ಅವನೇ ಹೇಳಿದ. ಹಿಂಡಿ ತರಲು ವಾರದಲ್ಲಿ ಹಲವು ಸಂಜೆ ಅವನು ಮುಗಳಖೋಡಕ್ಕೆ ಹೋಗಬೇಕು, ದಾರಿ ನೇಮಣ್ಣ ಕಾಕಾ ಅವರ ಮನೆಯ ಮುಂದೆಯೇ. ಕಾಕಾ ಜೈನರು, ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ ಸಂಜೆಗೆ ಸರಿಯಾಗಿ ಮನೆ ಮುಂದಿನ ಕಟ್ಟೆಯ ಮೇಲೆ ಬಂದು ಕೂರುವವರು. ಅಪ್ಪಾಸಾಬನ ಗಾಡಿ ಆ ಕಟ್ಟೆಯ ಮೂಲೆಗೆ ಬಂದ ಕೂಡಲೇ ಪಾಂ ಎಂದು ಒದರುತ್ತಿತ್ತಂತೆ. ಅವನು ಒತ್ತುತ್ತಿರಲಿಲ್ಲವಂತೆ. ತಾನಾಗಿಯೇ.

ಇದನ್ನು ಯಾರು ನಂಬುತ್ತಾರೆ ಹೇಳಿ. ಲಗ್ನವಾಗಬೇಕಾದ ಹುಡುಗ, ಹುಡುಗಿಯ ಮನೆಯ ಮುಂದೆ, ಅದೂ ದಿನಾ, ಪಾಂ. ಓಣಿಯ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ನಗತೊಡಗಿದರು. ಇನ್ನೊಮ್ಮೆ ಹಾರ್ನ್ ಕೇಳಿಸಿದರೆ ಸಾಖರಪುಡಾ ಮರೆತುಬಿಡಿ ಎಂದು ಕಾಕಾ ಅಲಖನೂರಿಗೆ ಹೇಳಿಕಳಿಸಿದರು. ಅಪ್ಪಾಸಾಬ ಅಳುಮೋರೆ ಮಾಡಿಕೊಂಡು ನಮ್ಮ ಅಂಗಡಿಗೆ ಬಂದ. ಅಜ್ಜ ಗಾಡಿಯನ್ನು ಅಲ್ಲಾಡಿಸಿದರು, ನೀರು ಚಿಮುಕಿಸಿದರು, ಕುಣಿಸಿದರು. ನಮ್ಮ ಅಂಗಡಿಯ ಮುಂದಿನ ರಸ್ತೆ ಹಗ್ಗ ಹಿಡಿದಂತೆ ನೆಟ್ಟಗೆ, ಅದರ ಮೇಲೆ ಬಸ್ ಸ್ಟ್ಯಾಂಡಿನವರೆಗೆ ಹೋಗಿ ಬಲಕ್ಕೆ ಹೊರಳಿಸಿಕೊಂಡು ಬಂದರು. ಹಾರ್ನ್ ಮೌನವ್ರತ ಹಿಡಿದಿತ್ತು. ಆಗ ಅಜ್ಜ ಅವನನ್ನು ಆ ನೋಟ ನೋಡಿದರು.

"ಮಿಸ್ತ್ರಿ, ದೇವರಾಣಿ, ನಾ ಒತ್ತಿಲ್ರಿ" ಎಂದ ಅಪ್ಪಾಸಾಬ.

"ಹಂಗಾರ ಗಾಡೀನ ಒತ್ತಿಕೊಳ್ಳಾಕತ್ತೈತೇನ? ಅದಕ್ಕೂ ಆ ಹುಡುಗಿ ಮ್ಯಾಲ ಮನಸಾಗೇತೇನ?" ಎಂದರು ಅಜ್ಜ.

ಆದರೂ ಹುಡುಗನ ಮುಖ ನೋಡಿ ಮರುಕ ಬಂದು, ಗಾಡಿ ಬಿಟ್ಟು ಹೋಗು ಎಂದರು. ಮರುದಿನವೂ ಅದು ಏನೂ ಮಾಡಲಿಲ್ಲ. ಕಡೆಗೆ ಬೇಸತ್ತು ಹಾರ್ನಿನ ವಾಯರ್ ಕಿತ್ತಿಟ್ಟು, ಬಸ್ಸು ಹಿಡಿದು ಚಿಕ್ಕೋಡಿಗೆ ಹೊರಟರು. ಹೋಗುವಾಗ ನನಗೆ ಹೇಳಿದ್ದು ಇಷ್ಟು: ಅಪ್ಪಾಸಾಬ ಬಂದರೆ ಹಾರ್ನ್ ಬಂದ್ ಐತಿ ಎಂದು ಹೇಳು, ಸಾವಕಾಶ ಓಡಿಸಲಿ, ಸಾಖರಪುಡಾ ಮುಗಿದ ಮೇಲೆ ನೋಡೋಣ. ಮಧ್ಯಾಹ್ನ ಅಪ್ಪಾಸಾಬ ಬಂದ. ವೈನಿ, ಗಾಡಿ ಏನಾತ್ರಿ ಎಂದು ನನ್ನನ್ನು ಕೇಳಿದ. ನಾನು ಪರದೆಯ ಹಿಂದಿನಿಂದ "ಹಾರ್ನ್ ಬಂದ್ ಐತ್ರಿ" ಎಂದೆ. ಸಾವಕಾಶ ಓಡಿಸು ಎನ್ನುವುದು ಬಾಕಿ ಇತ್ತು. ಅಷ್ಟರಲ್ಲಿ ಅವನು "ಬಂತಾ? ಪುಣ್ಯಾತ್ಮರು ನೀವು" ಎಂದು ಕಿಕ್ ಹೊಡೆದು ಹೋಗಿಯೇಬಿಟ್ಟ. ಬಂತಾ ಎಂದು ಯಾಕೆ ಕೇಳಿದ ಎಂದು ನನಗೆ ಹೊಳೆದದ್ದು ರೊಟ್ಟಿ ಬಡಿಯಲು ಕೂತ ಮೇಲೆ. ಅಷ್ಟು ಹೊತ್ತಿಗೆ ಅವನು ಮುಗಳಖೋಡ ಮುಟ್ಟಿದ್ದ.

ಆ ಸಂಜೆ ನೇಮಣ್ಣ ಕಾಕಾ ಕಟ್ಟೆಯ ಮೇಲೆ ಇರಲಿಲ್ಲ. ಎಮ್ಮೆಗಳಿಗೆ ಹಾಕಲು ತಲೆಯ ಮೇಲೆ ದೊಡ್ಡ ಕಣಿಕೆ ಹೊರೆ ಹೊತ್ತು ಅದೇ ಮೂಲೆಯಲ್ಲಿ ರಸ್ತೆಗೆ ಇಳಿದಿದ್ದರು. ಅವರಿಗೆ ಗಾಡಿ ಕಾಣಲಿಲ್ಲ. ಅಪ್ಪಾಸಾಬನಿಗೆ ಹೊರೆಯೊಂದು ನಡೆದು ಬರುವುದು ಕಂಡಿತು. ಜನ್ಮದಲ್ಲಿ ಮೊದಲ ಸಲ ಆ ಮೂಲೆಯಲ್ಲಿ ಅವನೇ ಕೈಯಾರೆ ಹಾರ್ನ್ ಒತ್ತಿದ. ಸದ್ದಿಲ್ಲ. ಬ್ರೇಕ್ ಹಾಕಿದನಾದರೂ ಗಾಡಿ ಮೆಲ್ಲಗೆ ಹೋಗಿ ಹೊರೆಗೆ ಮುತ್ತು ಕೊಟ್ಟಿತು. ಹೊರೆ ಒಂದು ಕಡೆ ಬಿತ್ತು, ಕಾಕಾ ಇನ್ನೊಂದು ಕಡೆ, ಮುಸುರೆ ತುಂಬಿದ್ದ ಬಾನಿಯಲ್ಲಿ ಅಚ್ಚುಕಟ್ಟಾಗಿ ಕೂತರು. ಎಲ್ಲಿಯೂ ಪೆಟ್ಟಾಗಲಿಲ್ಲ, ಧೋತರದ ಬಣ್ಣ ಮಾತ್ರ ಬದಲಾಯಿತು. ಕೂತಲ್ಲಿಂದಲೇ ಕೇಳಿದರಂತೆ: "ಲೇ, ಹಾರ್ನ್ ಹೊಡ್ಯಾಕ ಏನ ಧಾಡಿ ಆಗಿತ್ತ ನಿನಗ?"

ಮರುದಿನ ಬೆಳಿಗ್ಗೆ ಇಬ್ಬರೂ ನಮ್ಮ ಅಂಗಡಿಯ ಮುಂದೆ. ಕಾಕಾ ಮುಂದೆ, ಗಾಡಿ ನೂಕಿಕೊಂಡು ಅಪ್ಪಾಸಾಬ ಹಿಂದೆ. ಕಾಕಾ ಅಜ್ಜನ ಮುಂದೆ ನ್ಯಾಯಕ್ಕೆ ಕೂತರು.

"ಒತ್ತಲಿಲ್ಲಂದ್ರ ಹೊಡಕೋತೈತಂತ. ಒತ್ತಿದ್ರ ಹೊಡಕೊಳ್ಳೂದಿಲ್ಲಂತ. ಹಿಂಗ ಮಾತಾಡಾವಗ ನಾ ಮಗಳನ ಹೆಂಗ ಕೊಡ್ಲಿ ಮಿಸ್ತ್ರಿ, ನೀವ ಹೇಳ್ರಿ."

ಹಾರ್ನ್ ಸರಿಯಾಗಿದೆ ಎಂದು ವೈನಿಯೇ ಹೇಳಿದ್ದು ಎಂದು ಅಪ್ಪಾಸಾಬ ಪರದೆಯ ಕಡೆ ಬೆರಳು ತೋರಿಸಿದ. ಒಂದು ಹುಡುಗಿಯ ಲಗ್ನ ನನ್ನ ನಾಲಿಗೆಯ ತುದಿಯಲ್ಲಿ ಜೋತಾಡುತ್ತಿದೆ. ಅಜ್ಜ ನನ್ನನ್ನು ಹೊರಗೆ ಕರೆದರು. ತಲೆಯ ಮೇಲೆ ಸೆರಗು ಎಳೆದುಕೊಂಡು ಬಂದೆ. ಬಂದೈತಿ ಅಂದೆಯೋ, ಬಂದ್ ಐತಿ ಅಂದೆಯೋ ಎಂದು ಕೇಳಿದರು. ಬಂದ್ ಐತಿ ಅಂದೆ ಎಂದೆ. ಹಾಗಿದ್ದರೆ ಬಂದೈತಿ ಎಂದೇ ಆಯಿತಲ್ಲ ಎಂದರು ಕಾಕಾ. ಅಲ್ಲ, ಅವಳು ಹೇಳಿದ್ದು ಬಂದ್ ಐತಿ ಎಂದು ಅಜ್ಜ ಹೇಳಿದರು. ಅದು ಕೂಡ ಎಲ್ಲರಿಗೂ ಬಂದೈತಿ ಎಂದೇ ಕೇಳಿಸಿತು. ಅಪ್ಪಾಸಾಬ ಹೇಳಿ ನೋಡಿದ. ಎದುರಿನ ಚಹಾದ ಅಂಗಡಿಯವರು ಕೆಟ್ಲಿ ಹಿಡಿದುಕೊಂಡೇ ಬಂದು ತಾವೂ ಹೇಳಿ ನೋಡಿದರು. ಬಸ್ಸಿಗೆ ನಿಂತವರು, ಸಂತೆಗೆ ಬಂದವರು ಎಲ್ಲ ಸೇರಿ ಬಂದೈತಿ, ಬಂದ್ ಐತಿ ಎಂದು ಭಜನೆ ಮಾಡತೊಡಗಿದರು. ಬಸ್ಸೇ ಬಂದಿದೆ ಎಂದುಕೊಂಡು ಒಬ್ಬ ಮುದುಕಿ ಗಂಟು ಎತ್ತಿಕೊಂಡು ಓಡಿದಳು. ನನಗೆ ಏನಾಯಿತೋ ಕಾಣೆ, ಬೋರಗಾಂವದ ಇಡೀ ಮಗ್ಗದ ಸಾಲು ನನ್ನ ಗಂಟಲಲ್ಲಿ ಎದ್ದು ಕೂತಿತು. "ಬಂದ್" ಎಂದು ಕೂಗಿದೆ. ಒಂದು ಚಕ್ಕಡಿ ಹಾದುಹೋಗುವಷ್ಟು ಜಾಗ ಬಿಟ್ಟು "ಐತಿ" ಎಂದೆ. ಅಜ್ಜ ಎರಡು ಹೆಜ್ಜೆ ಹಿಂದೆ ಸರಿದರು. ಲಗ್ನವಾಗಿ ಅಷ್ಟು ವರ್ಷವಾಗಿದ್ದರೂ ನನಗೆ ಇಂಥ ದನಿ ಇದೆ ಎಂದು ಅವರಿಗೆ ಗೊತ್ತಿರಲಿಲ್ಲ.

ಒತ್ತಿದರೆ ಯಾಕೆ ಸದ್ದಾಗಲಿಲ್ಲ ಎಂಬುದು ಅಲ್ಲಿಗೆ ಬಗೆಹರಿಯಿತು. ಆದರೆ ಒತ್ತದೆ ಇದ್ದಾಗ ಯಾಕೆ ಒದರುತ್ತಿತ್ತು? ಹುಡುಗ ಸುಳ್ಳುಗಾರನೋ ಅಲ್ಲವೋ ಎಂಬ ಕಾಕಾ ಅವರ ಪ್ರಶ್ನೆ ಇನ್ನೂ ಹಾಗೇ ನಿಂತಿತ್ತು. ಅಜ್ಜ ವಾಯರ್ ಜೋಡಿಸಿ, ಚಾವಿ ತಿರುವಿ, ಗುಂಡಿ ಒತ್ತಿ ತೋರಿಸಿದರು. ಪಾಂ. ಬಿಟ್ಟರೆ ಸುಮ್ಮನಾಯಿತು. ನೋಡಿದಿರಾ, ಗಾಡಿಯಲ್ಲಿ ಏನೂ ಇಲ್ಲ, ಇವನ ಕೈಯಲ್ಲೇ ಇರುವುದು ಎಂದು ಕಾಕಾ ಎದ್ದರು. ಎದ್ದವರು ನೆಟ್ಟಗೆ ಹೋಗಬಾರದೇ? ನಿನ್ನೆ ತಮ್ಮ ಮೇಲೆ ಗಾಡಿ ಹೇಗೆ ಬಂತೆಂದು ನೆರೆದ ಮಂದಿಗೆ ತೋರಿಸುವ ಹುಮ್ಮಸ್ಸು ಬಂತು. ಧೋತರ ಎತ್ತಿಕಟ್ಟಿ ಸೀಟಿನ ಮೇಲೆ ಹತ್ತಿ ಕೂತು, "ಹಿಂಗ ಬಂದ, ಕಟ್ಟಿ ಹತ್ರ ಹಿಂಗ ತಿರುವಿದ" ಎನ್ನುತ್ತ ಎತ್ತಿನ ಮೂಗುದಾಣ ಎಳೆದಂತೆ ಹ್ಯಾಂಡಲನ್ನು ಎಡಕ್ಕೆ ಪೂರಾ ಎಳೆದರು.

ಪಾಂ ಎಂದು ಶುರುವಾದದ್ದು ನಿಲ್ಲಲಿಲ್ಲ. ಕಾಕಾ ಎರಡೂ ಕೈ ಮೇಲೆತ್ತಿದರು. ಹಾರ್ನ್ ಒದರುತ್ತಲೇ ಇತ್ತು. ಕೈ ಎತ್ತಿಕೊಂಡೇ ಗಾಡಿಯ ಮೇಲೆ ಕೂತ ಕಾಕಾ ಎಲ್ಲರ ಮುಖ ನೋಡುತ್ತ ಹೇಳಿದರು, "ನಾ ಒತ್ತಿಲ್ರಿ."

"ಅಂವಾನೂ ಇದನ್ನ ಅಂದಿದ್ದ" ಎಂದರು ಅಜ್ಜ.

ಹ್ಯಾಂಡಲಿನ ಕುತ್ತಿಗೆಯ ಹತ್ತಿರ ಹಾರ್ನಿನ ವಾಯರ್ ಉಜ್ಜಿ ಉಜ್ಜಿ ಸಿಪ್ಪೆ ಸುಲಿದಿತ್ತು. ಪೂರ್ತಿ ಎಡಕ್ಕೆ ಎಳೆದರೆ ಮಾತ್ರ ಅದು ಕಬ್ಬಿಣಕ್ಕೆ ತಾಗುತ್ತಿತ್ತು. ಅಷ್ಟು ಎಡಕ್ಕೆ ಎಳೆಯುವ ಪ್ರಸಂಗ ಯಾವ ರಸ್ತೆಯಲ್ಲಿ ಬರುತ್ತದೆ ಎಂದು ಅಜ್ಜ ತಲೆ ಕೆರೆದುಕೊಂಡರು. ಅಪ್ಪಾಸಾಬ ನೆಲ ನೋಡುತ್ತ ಮೆಲ್ಲಗೆ ಹೇಳಿದ, ಮಾವನವರು ಹೋದ ವರ್ಷ ಕಟ್ಟೆಯನ್ನು ರಸ್ತೆಯೊಳಗೆ ಸ್ವಲ್ಪ ದೊಡ್ಡದು ಮಾಡಿಸಿದ್ದಾರೆ, ಅದನ್ನು ಬಳಸಿಕೊಂಡೇ ಹೋಗಬೇಕು. ಮಂದಿಯೆಲ್ಲ ಕಾಕಾ ಅವರ ಕಡೆ ತಿರುಗಿತು. ಕಾಕಾ ಗಾಡಿಯಿಂದ ಇಳಿದು ಧೋತರ ಸರಿಮಾಡಿಕೊಂಡರು.

"ಸಾಖರಪುಡಾ ಆಗ್ಲಿ" ಎಂದರು. "ಮಿಸ್ತ್ರಿ, ವಾಯರ್ ಛಲೋದು ಹಾಕ್ರಿ. ಕಟ್ಟಿಗೇನೂ ಆಗಿಲ್ಲ."

ಕಟ್ಟೆ ಹಾಗೆಯೇ ಉಳಿಯಿತು, ಲಗ್ನವೂ ಆಯಿತು. ಲಗ್ನವಾದ ಮೇಲೆ ಅಪ್ಪಾಸಾಬನ ಎಮ್ಮೆಗಳು ಅಲಖನೂರಿನ ಹಿಂಡಿಯನ್ನೇ ತಿನ್ನತೊಡಗಿದವು. ಅಂದಿನಿಂದ ನಮ್ಮ ಅಂಗಡಿಯಲ್ಲಿ ಬಂದ್ ಎಂಬ ಮಾತೇ ಬಂದ್. ಕೆಟ್ಟೈತಿ ಅನ್ನು, ಇಲ್ಲ ಅನ್ನು, ಸತ್ತೈತಿ ಅಂದರೂ ನಡೆಯುತ್ತದೆ ಎಂದು ಅಜ್ಜ ನನಗೆ ತಾಕೀತು ಮಾಡಿದರು. ಅವರು ಇರುವವರೆಗೂ ನಾನು ಅದನ್ನು ತಪ್ಪದೆ ಪಾಲಿಸಿದೆ.

ಈಗ ತಾಕೀತು ಮಾಡುವವರಿಲ್ಲ. ಡಾಕ್ಟರ ಹತ್ತಿರ ಹೋಗಿ ಬಂದ ಮರುವಾರ ನೀವು ಅಥಣಿಯಿಂದ ಫೋನ್ ಮಾಡಿ, ಆಯಿ, ಮೊಣಕಾಲು ನೋವು ಹೆಂಗೈತಿ ಎಂದು ಕೇಳಿದಿರಿ. ಎರಡು ದಿನದಿಂದ ನೋವು ಇರಲಿಲ್ಲ. ಬಂದ್ ಐತಿ ಎಂದೆ. ಫೋನ್ ಇಟ್ಟ ಮೇಲೆ ಒಲೆಯ ಮೇಲಿನ ಹಾಲು ಇಳಿಸುವಷ್ಟರಲ್ಲಿ ನನಗೆ ಹೊಳೆಯಿತು, ಆದರೆ ತಿರುಗಿ ಫೋನ್ ಮಾಡಲು ಸಂಕೋಚವಾಯಿತು. ರವಿವಾರ ನೀವೆಲ್ಲ ಎಣ್ಣೆಯ ಬಾಟಲಿ, ಕಾಲಿಗೆ ಕಟ್ಟುವ ಪಟ್ಟಿ, ಒಂದು ಬುಟ್ಟಿ ದ್ರಾಕ್ಷಿ ಹೊತ್ತುಕೊಂಡು ಬಂದಿಳಿದಿರಿ. ಸಣ್ಣವಳು ನನ್ನ ಕಾಲು ಒತ್ತುತ್ತ ಕೂತಳು. ಇಷ್ಟು ದೂರದಿಂದ ಬಂದ ಮಕ್ಕಳ ಮನಸ್ಸು ನೋಯಿಸಬಾರದೆಂದು ನಾನು ಅಡುಗೆಮನೆಯವರೆಗೆ ಸ್ವಲ್ಪ ಕುಂಟಿ ತೋರಿಸಿದೆ. ಮುಂದಿನ ಸಲ ನೀವು ಫೋನ್ ಮಾಡಿ ಕೇಳಿದರೂ ನಾನು ನಿಜವನ್ನೇ ಹೇಳುವವಳು. ಬಹಳ ಮೆಲ್ಲಗೆ ಹೇಳುತ್ತೇನೆ, ಅಷ್ಟೇ.