ಯಾರ ಬಾಯಲ್ಲೂ ಬಾರದ ಪಾಸ್‌ವರ್ಡ್

ನನ್ನ ಅಕ್ಷರ ಕಾಗೆಕಾಲು ಗುಬ್ಬಿಕಾಲಾಗಿದೆ, ಕ್ಷಮಿಸಬೇಕು. ಮಾತುಗಳೂ ಅಷ್ಟಕ್ಕಷ್ಟೇ. ಹತ್ತನೆಯ ತರಗತಿಗೆ ಶಾಲೆ ಬಿಟ್ಟವಳು ನಾನು. (ಫೇಲಾಗಿ ಅಲ್ಲ. ಎದ್ದು ನಿಂತು ಉತ್ತರ ಹೇಳು ಎಂದರೆ ಬೆಂಚಿನ ಕೆಳಗೆ ಬೀಳದ ಪೆನ್ಸಿಲ್ ಹುಡುಕುತ್ತಿದ್ದೆ.) ತಪ್ಪಾಗಬಾರದೆಂದು ಇದನ್ನು ಮೂರು ಸಲ ತಿದ್ದಿ ಬರೆದಿದ್ದೇನೆ.

ಸಾಣಾಪುರದ ಕೆರೆಯ ದಂಡೆಯಲ್ಲಿ ನಮ್ಮವ್ವ ರೇಣುಕಮ್ಮನ ಮಿರ್ಚಿ ಭಜಿ ಅಂಗಡಿ ಇದೆ. ಊಟ ಬೇಕೆಂದವರಿಗೆ ರೊಟ್ಟಿ ಪಲ್ಯ ಮನೆಯಿಂದ ಹೋಗಬೇಕು. ಮನೆಗೂ ಅಂಗಡಿಗೂ ನಡುವೆ ಒಂದು ಕಲ್ಲುಗುಡ್ಡ. ಫೋನಿಗೆ ಸಿಗ್ನಲ್ ಸಿಗುವುದು ಅಂಗಡಿಯ ಹಿಂದಿನ ಒಂದೇ ಒಂದು ಬಂಡೆಯ ಮೇಲೆ. ಅವ್ವ ಅದನ್ನೇರಿ ಫೋನಿನಲ್ಲಿ "ಹತ್ತು ಊಟ!" ಎಂದು ಒದರಿದರೆ ನನಗಿಂತ ಮೊದಲು ಪಕ್ಕದ ಅಂಗಡಿಯ ಶಿವಲಿಂಗಮ್ಮ ಚಿಗವ್ವನಿಗೆ ಕೇಳಿಸುತ್ತಿತ್ತು. ನಮ್ಮ ರೊಟ್ಟಿ ತಲುಪುವಷ್ಟರಲ್ಲಿ ಚಿಗವ್ವನ ಚಿತ್ರಾನ್ನ ಗಿರಾಕಿಗಳ ಹೊಟ್ಟೆ ಸೇರಿರುತ್ತಿತ್ತು.

"ಬರೋ ವಾರದಿಂದ ಅಂಗಡ್ಯಾಗ ನೀ ಕುಂದ್ರು ಸಹನಾ, ನಿನ್ನ ದನಿ ಶಿವಲಿಂಗಿಗೆ ಕೇಳಂಗಿಲ್ಲ. ನಾ ಮನ್ಯಾಗ ರೊಟ್ಟಿ ಬಡೀತೀನಿ" ಎಂದು ಅವ್ವ ಆಜ್ಞೆ ಹೊರಡಿಸಿದಳು. ಅಂಗಡಿ! ಗಿರಾಕಿಗಳು! ಅವರ ಜೊತೆ ಮಾತು! ಎರಡು ದಿನ ನನಗೆ ಅನ್ನ ಸೇರಲಿಲ್ಲ. ಆಗ ಆಪದ್ಬಾಂಧವನಾಗಿ ಬಂದವನು ವಿರುಪಾಕ್ಷಿ ಮಾಮ.

ಮಾಮ ಬಂಡೆ ಹತ್ತುವ ಪ್ರವಾಸಿಗರಿಗೆ ಗೈಡು. ಅವರು ಬಳಸುವಂಥ ಮೂರು ಸಣ್ಣ ರೇಡಿಯೋ ಡಬ್ಬಿಗಳನ್ನು ತಂದ. ಸಿಮ್ ಬೇಡ, ಟವರ್ ಬೇಡ, ಇಂಟರ್ನೆಟ್ ಬೇಡ. ಫೋನಿನಲ್ಲಿ ಒತ್ತಿದ ಸಂದೇಶವನ್ನು ಡಬ್ಬಿ ಗುಟ್ಟಿನ ಲಿಪಿಯಾಗಿ ಕಲಸಿ ಗಾಳಿಗೆ ಬಿಡುತ್ತದೆ. ಅದೇ ಪಾಸ್‌ವರ್ಡ್ ಇರುವ ಡಬ್ಬಿಗೆ ಮಾತ್ರ ಅದು ಅರ್ಥವಾಗುತ್ತದೆ. ಒಂದು ಅಂಗಡಿಗೆ, ಒಂದು ಮನೆಗೆ, ಇನ್ನೊಂದು ಗುಡ್ಡದ ನೆತ್ತಿಗೆ. (ನೆತ್ತಿಯ ಡಬ್ಬಿ ಸಂದೇಶವನ್ನು ದಾಟಿಸುತ್ತದೆ, ತಾನು ಓದುವುದಿಲ್ಲ. ಇಂಥ ಗುಣ ನಮ್ಮ ಓಣಿಯಲ್ಲಿ ಯಾರಿಗೂ ಇಲ್ಲ.)

ಪಾಸ್‌ವರ್ಡ್ ಇಡುವ ರಾಜಕಾರ್ಯ ನನ್ನ ಪಾಲಿಗೆ ಬಂತು. ಬಹಳ ಯೋಚಿಸಿ ಅಪ್ಪನ ಹೆಸರಿಟ್ಟೆ. ಹುಸೇನಪ್ಪ. ಗಂಡನ ಹೆಸರನ್ನು ಅವ್ವ ಪ್ರಾಣ ಹೋದರೂ ಹೇಳುವವಳಲ್ಲ. ಚಿಗವ್ವನಿಗೆ ಅಪ್ಪ ಬಾವನಾಗಬೇಕು, ಅವಳೂ ಹೇಳುವುದಿಲ್ಲ. ನಮ್ಮ ಮನೆತನದ ಹೆಂಗಸರ ಬಾಯಿಂದ ಎಂದೂ ಸೋರದ ಅಭೇದ್ಯ ಬೀಗ! ಸಾಲದೆಂದು, ಫೋನ್ ಆರಿ ಹೊತ್ತಿದರೆ ಮತ್ತೆ ಪಾಸ್‌ವರ್ಡ್ ಕೇಳುವಂತೆಯೂ ಮೂರು ಸಲ ತಪ್ಪಿದರೆ ಇಡೀ ಫೋನೇ ಒಂದು ತಾಸು ಬಂದಾಗುವಂತೆಯೂ ಮಾಡಿದೆ.

ಇಪ್ಪತ್ತು ದಿನ ಸ್ವರ್ಗ. ಅಕ್ಷರ ಬಾರದ ಅವ್ವ ನಾನು ತೋರಿಸಿಕೊಟ್ಟಂತೆ ಊಟದ ಚಿತ್ರ ಮತ್ತು ಅಂಕಿ ಒತ್ತುವಳು. ನಾನು ರೊಟ್ಟಿ ಬಡಿದು ಕಟ್ಟುವೆ. ಅಪ್ಪ ಗಾಡಿಯಲ್ಲಿ ಒಯ್ಯುವನು. ಯಾರೊಡನೆಯೂ ಮಾತಿಲ್ಲ.

ಕಳೆದ ಭಾನುವಾರ ಅವ್ವನ ಫೋನ್ ಚಾರ್ಜ್ ಮುಗಿದು ಆರಿತು. ಅದೇ ಹೊತ್ತಿಗೆ ಕುಷ್ಟಗಿಯ ಮಹಿಳಾ ಸಂಘದ ಬಸ್ಸು ಬಂದು, ಮೂವತ್ತೆರಡು ಹೆಂಗಸರು ಊಟ ಕೇಳಿದರು. ಡ್ರೈವರ್ ಬಸವಕುಮಾರ ಬಸ್ಸಿನಲ್ಲೇ ಫೋನನ್ನು ಚಾರ್ಜಿಗೆ ಹಾಕಿ ಹೊತ್ತಿಸಿಕೊಟ್ಟ. ಮುಂದಿನದನ್ನು ಚಿಗವ್ವ ಇಡೀ ಓಣಿಗೆ ಅಭಿನಯಿಸಿ ತೋರಿಸಿದ್ದರಿಂದ ನನಗೂ ತಿಳಿಯಿತು.

"ಪಾಸ್‌ವರ್ಡ್ ಕೇಳಾಕತ್ತೈತ್ರಿ ಅಕ್ಕಾರ. ಏನದು?"

"ಅವರ ಹೆಸರ್ರಿ."

"ಯಾರದು?"

"ಅವರದರಿ. ನಮ್ಮ ಸಹನಾನ ಅಪ್ಪಂದು."

ಅವನು 'ಸಹನಾನ ಅಪ್ಪ' ಎಂದು ಒತ್ತಿದ. ತಪ್ಪು, ಒಂದು.

"ಯಜಮಾನ್ರ ಹೆಸರು ಹೇಳ್ರಿ ಯವ್ವಾ!"

"ಅಯ್ಯ, ಬಾಯಿಲೆ ಹ್ಯಾಂಗ ಹೇಳ್ಲಿ? ಏ ಶಿವಲಿಂಗಿ, ನೀನರ ಹೇಳ."

"ಬಾವನ ಹೆಸರು ನಾ ಹೇಳ್ತೀನೇನು? ನನಗ ಕೇಳಬಾರದಂತ ಡಬ್ಬಿ ಇಟ್ಟೀಯಲ್ಲ, ಆ ಡಬ್ಬೀನ ಕೇಳ!"

ಕುಷ್ಟಗಿಯ ಹೆಂಗಸರಿಗೆ ಹಸಿವು ಮರೆತು ಹುರುಪು ಬಂತು. "ಒಡಪು ಹಾಕಿ ಹೇಳವಾ, ಒಡಪಿನ್ಯಾಗ ಹೇಳಿದ್ರ ತಪ್ಪಿಲ್ಲ!" ಎಂದರು. ಲಗ್ನದಲ್ಲಿ ಗಂಡನ ಹೆಸರನ್ನು ಪ್ರಾಸದಲ್ಲಿ ಪೋಣಿಸಿ ಹೇಳುತ್ತಾರಲ್ಲ, ಅದು. ಅವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು, ಬಾಣಲೆಯನ್ನೇ ನೋಡುತ್ತ ಹೇಳಿದಳು:

"ಕಾದ ಎಣ್ಣ್ಯಾಗ ಬಿಟ್ಟ ಮಿರ್ಚಿ ತೇಲಿ ತೇಲಿ ನಕ್ಕಾವ,
ಹುಸೇನಪ್ಪನವರ ಕೈ ಹಿಡದ ಮ್ಯಾಲ ಭಾಗ್ಯೆಲ್ಲ ಸಿಕ್ಕಾವ."

ಚಪ್ಪಾಳೆಯೋ ಚಪ್ಪಾಳೆ. ಬಸವಕುಮಾರ ಒಂದಕ್ಷರ ಬಿಡದೆ ಇಡೀ ಒಡಪನ್ನೇ ಒತ್ತಿದ. ಎರಡು.

"ಬರೇ ಹೆಸರು ಒತ್ತೋ ತಮ್ಮಾ!" ಎಂದು ಯಾರೋ ಕೂಗಿದರು. ಆದರೆ ಮನೆಯಾಕೆಯ ಎದುರಿನಲ್ಲೇ ಯಜಮಾನರ ಹೆಸರನ್ನು ಏಕವಚನದಲ್ಲಿ ಒತ್ತಲು ಅವನಿಗೆ ಮನಸ್ಸಾಗಲಿಲ್ಲ. 'ಹುಸೇನಪ್ಪನವರು' ಎಂದು ಮರ್ಯಾದೆಯಿಂದ ಒತ್ತಿದ. ಮೂರು. ಬೀಗ ಬಿತ್ತು. ಬೇರೆಯವರ ಫೋನಿನಿಂದ ಕರೆಯೋಣವೆಂದರೆ ನನ್ನ ನಂಬರೂ ಆ ಬೀಗದ ಒಳಗೇ.

ಇತ್ತ ಮನೆಯಲ್ಲಿ ನಾನು, ಸಂದೇಶವಿಲ್ಲವೆಂದರೆ ಗಿರಾಕಿಯೇ ಇಲ್ಲವೆಂದು ತಿಳಿದು, ಹಿಟ್ಟಿನ ಡಬ್ಬಿ ಮುಚ್ಚಿ ಕಾಲು ಚಾಚಿದ್ದೆ. ಅಂಗಳದಲ್ಲಿ ಹಾರ್ನ್ ಕೇಳಿ ಬಾಗಿಲು ತೆರೆದರೆ ಬಸ್ಸು! ಮುಂದಿನ ಸೀಟಿನಲ್ಲಿ ಅವ್ವ.

"ಊಟ ಅಲ್ಲಿಗೆ ಬರಲಿಲ್ಲ ಅಂದ್ರ ಮಂದೀನ ಇಲ್ಲಿಗೆ ಬರಬೇಕಾತಲ್ಲ. ಹಿಟ್ಟು ನಾದು!"

ಎಂಟು ಮಂದಿ ತಾವೇ ರೊಟ್ಟಿ ಬಡಿಯಲು ಕುಳಿತರು. ಬಡಿಸುವ ಕೆಲಸ ನನಗೆ. "ತಂಗಿ, ಚಟ್ನಿ ತಾ", "ತಂಗಿ, ಇದು ಯಾವ ಪಲ್ಯ?", "ತಂಗಿ, ಮಾತು ಬರತೈತೋ ಇಲ್ಲೋ?" ಮೊದಲ ಪಂಕ್ತಿಯನ್ನು ತಲೆಯಾಡಿಸಿಯೇ ದಾಟಿದೆ. ಎರಡನೆಯದರಲ್ಲಿ ನಾಲ್ಕೂ ದಿಕ್ಕಿನಿಂದ ಕರೆದಾಗ ತಲೆಯಾಡಿಸುವುದು ಸಾಲಲಿಲ್ಲ. "ಇನ್ನ ಯಾರಿಗ್ರಿ ರೊಟ್ಟಿ?" ಎಂಬ ಒಂದು ದನಿ ಎಷ್ಟು ಜೋರಾಗಿ ಹೊರಟಿತೆಂದರೆ ಕೋಳಿಗಳು ಗೋಡೆ ಹಾರಿದವು. ಆ ದನಿ ನನ್ನದೇ ಆಗಿತ್ತು.

ಅಷ್ಟರಲ್ಲಿ ಅಪ್ಪ ಗಂಗಾವತಿಯಿಂದ ಎಣ್ಣೆ ಡಬ್ಬ ತಂದ. "ನಮಸ್ಕಾರ್ರಿ ಹುಸೇನಪ್ಪನವರ!" ಎಂದು ಮೂವತ್ತೆರಡು ಹೆಂಗಸರು ಒಮ್ಮೆಲೇ ಎದ್ದರು. ಅಪ್ಪ ಗಾಡಿಯಿಂದ ಬೀಳುವುದೊಂದು ಬಾಕಿ. ಸಂಗತಿ ತಿಳಿದ ಮೇಲೆ ಅಡುಗೆಮನೆಯ ಬಾಗಿಲಿಗೆ ಹೋಗಿ ಮೆಲ್ಲಗೆ ಕೇಳಿದ:

"ಲಗ್ನದಾಗ ಹೇಳಿದ್ದು ಬಿಟ್ರ ಇವತ್ತಽ ನೋಡು. ಇನ್ನೊಮ್ಮೆ ಹೇಳ್ತೀಯೇನು?"

"ಹೋಗ್ರಿ ಆಕಡೆ!" ಎಂದಳು ಅವ್ವ, ಒಲೆಗೆ ಮುಖ ಮಾಡಿ.

ಬಸ್ಸು ಹೋದ ಮೇಲೆ ನಾನು, ಪಾಸ್‌ವರ್ಡ್ ಈಗಲೇ ಬದಲಿಸುತ್ತೇನೆ, ಅವ್ವನಿಗೆ ಹೇಳಲು ಬರುವಂಥದ್ದೇ ಇಡುತ್ತೇನೆ ಎಂದೆ.

"ಬ್ಯಾಡ, ಅದು ಅದಽ ಇರಲಿ" ಎಂದ ಅಪ್ಪ. ಅವನ ಮೀಸೆ ಇನ್ನೂ ಇಳಿದಿರಲಿಲ್ಲ.

"ಹಂಗಾದ್ರ ಅಂಗಡ್ಯಾಗ ಅದನ್ನ ಹೇಳಾಕ ಬರೋರು ಇರಬೇಕಲ್ಲ?" ಎಂದಳು ಅವ್ವ. "ಅಪ್ಪನ ಹೆಸರು ಹೇಳಾಕ ಮಗಳಿಗೇನು ಅಡ್ಡಿ? ದನಿನೂ ಛಲೋ ಐತಿ, ಕೇಳಿದೆ."

ನಾಳೆ ಬೆಳಿಗ್ಗೆ ಎಂಟು ಗಂಟೆಗೆ ನಾನು ಅಂಗಡಿಯಲ್ಲಿ ಕೂರುತ್ತೇನೆ.