ಹಾರ ಹಾಕಿಸಿಕೊಂಡ ಕ್ಯಾಮೆರಾ

ನಮ್ಮ ಮೈದುನನಿಗೆ ದೆವ್ವ ಹಿಡಿದಿದೆ ಎಂದು ಬೀದಿಯವರು ಹೇಳುವುದು ಶುದ್ಧ ಸುಳ್ಳು. ದೆವ್ವವನ್ನು ಹಿಡಿಯುವವನೇ ಅವನು! ಮೊನ್ನೆ ಮಧ್ಯಾಹ್ನ ನೆನೆಸಿದ ಅವರೆಕಾಳು ಹಿಸುಕುತ್ತ ಕೂತಿದ್ದೆ. ಅವನ ಫೋನು ಬಂತು. ಹಿತ್ತಿಲಿನ ಗೋಡೌನಿನಿಂದ ಅಡುಗೆಮನೆಗೆ ಫೋನು! ಕೂಗಿದರೆ ಕೇಳಿಸುವುದಿಲ್ಲವೇ?

"ಅತ್ಗೆ, ಬಿರ್ನೆ ಬನ್ನಿ. ಅವ್ವ ನಡೀತಾವ್ಳೆ."

ಕೈಯಲ್ಲಿದ್ದ ಬೇಳೆ ದೇವರ ಗೂಡಿನವರೆಗೂ ಚಿಮ್ಮಿತು. ನಮ್ಮತ್ತೆ ದೀಪಾವಳಿ ಕಳೆದ ಮೇಲೆ ಎದೆನೋವು ಬಂದು ತೀರಿಕೊಂಡಿದ್ದರು. ಒಲೆಯ ಮೇಲೇನೂ ಇರಲಿಲ್ಲ, ಅದೊಂದು ಪುಣ್ಯ.

ಗುಂಡ್ಲುಪೇಟೆಯವರೆಲ್ಲ ಗೋಡೌನಿಗೆ ಈರುಳ್ಳಿ ತುಂಬಿದರೆ ಇವನು ಗೋಡೆಗೆಲ್ಲ ಕ್ಯಾಮೆರಾ ಬಡಿದ. ಮನುಷ್ಯರ ಮೈಗೆ ಹೊಳೆಯುವ ಗುಂಡು ಅಂಟಿಸಿ ನಡೆಸುತ್ತಾನೆ. ಕ್ಯಾಮೆರಾಗಳು ಆ ಗುಂಡುಗಳನ್ನಷ್ಟೇ ನೋಡಿ ಕಂಪ್ಯೂಟರಿನಲ್ಲಿ ಚುಕ್ಕಿಗಳ ಮನುಷ್ಯನನ್ನು ನಡೆಸುತ್ತವೆ. ಸಿನಿಮಾದ ಗೊಂಬೆಗಳಿಗೆ ಆ ನಡಿಗೆ ಬೇಕಂತೆ. ಒಮ್ಮೆ ನಮ್ಮ ಹಸುವಿಗೂ ಅಂಟಿಸಿದ. ಅದು ನೆಕ್ಕಿ ನೆಕ್ಕಿ ಒಂದನ್ನು ನುಂಗಿಯೇಬಿಟ್ಟಿತು. ಮಾದಪ್ಪನ ದಯೆ, ಸಗಣಿಯಲ್ಲಿ ಹೊಳೆಯುತ್ತ ಬಂತು!

ಆಯುಧಪೂಜೆಯ ದಿನ ಅತ್ತೆ ಎಲ್ಲ ಕ್ಯಾಮೆರಾಗಳಿಗೂ ಕುಂಕುಮವಿಟ್ಟು, ಮೂಲೆಯದಕ್ಕೆ ಮಾತ್ರ ದಪ್ಪನೆಯ ಚೆಂಡುಹೂವಿನ ಹಾರ ಹಾಕಿದ್ದರು.

"ಅದೊಂದ್ಕೇ ಯಾಕವ್ವ?" ಎಂದ ಮೈದುನ.

"ಮೂಲೇಲಿ ನಿಂತದಲ್ಲ, ಪಾಪ."

ಮಾರನೆಯ ದಿನ ಅವನು ಅತ್ತೆಗೂ ಗುಂಡು ಅಂಟಿಸಿದ. "ಇದೇನ್ಲಾ, ಸಿಡುಬು ಎದ್ದಂಗದೆ!" ಎನ್ನುತ್ತಲೇ ನಡೆದರು. ಅವರು ತೀರಿಹೋದ ಮೇಲೆ ಗೋಡೌನಿಗೆ ಬೀಗ ಹಾಕಿದವನು ಮೊನ್ನೆಯೇ ತೆಗೆದದ್ದು.

ಒಳಗೆ ಮಬ್ಬು. ಒಣಹೂವಿನ ವಾಸನೆ. ಪರದೆಯಲ್ಲಿ ಮುಖವಿಲ್ಲ, ಸೆರಗಿಲ್ಲ, ಬರೀ ಚುಕ್ಕಿಗಳು. ಆದರೆ ಎಡಗೈಯನ್ನು ಸೊಂಟಕ್ಕೆ ಒತ್ತಿ ನಡೆಯುವ ಆ ನಡಿಗೆ ನಮ್ಮತ್ತೆಯದೇ! ಬಲಗಾಲು ಅವರೊಂದಿಗೆ ಇರಲೇ ಇಲ್ಲ. ಮಾರು ದೂರದಲ್ಲಿ, ಗಾಳಿಯಲ್ಲಿ, ಒಂಟಿಯಾಗಿ ಹೆಜ್ಜೆ ಹಾಕುತ್ತಿತ್ತು. ನಡುವೆ ಚುಕ್ಕಿಗಳೆಲ್ಲ ಚೆದುರಿ, ಅತ್ತೆ ಇಲ್ಲವಾಗಿ, ಮತ್ತೆ ಕೂಡಿಕೊಂಡರು. ದೆವ್ವದ ಕಾಲು ಹಿಂದುಮುಂದಾಗಿರುತ್ತದೆ ಎಂದು ಕೇಳಿದ್ದೆ. ಪಕ್ಕದ ಬೀದಿಯಲ್ಲಿರುತ್ತದೆ ಎಂದು ಕೇಳಿರಲಿಲ್ಲ!

ಮೂಲೆಯ ಕ್ಯಾಮೆರಾದ ಮೇಲೆ ಇನ್ನೂ ಅದೇ ಹಾರ. ಒಣಗಿದ ಹಾರ ಮನೆಗೆ ಒಳ್ಳೆಯದಲ್ಲ. ತೆಗೆಯಲು ಕೈಯೆತ್ತಿದೆ.

"ಮುಟ್ಬ್ಯಾಡಿ!" ಕಿರುಚಿಯೇಬಿಟ್ಟ. "ಹಾರದ ಭಾರಕ್ಕೆ ಅದ್ರ ಕತ್ತು ವಾಲ್ಬುಟ್ಟದೆ. ಅವತ್ತು ಹೆಂಗಿತ್ತೋ ಇವತ್ತೂ ಹಂಗೇ ಅದೆ. ಈಗ ಅದು ಎತ್ಲಾಗ್ ನೋಡ್ತದೆ ಅಂತ ಕಂಪ್ಯೂಟರ್‌ಗೆ ತಿಳಿದ್ರೆ ಅವ್ವನ ಕಾಲು ಕೂಡ್ತದೆ. ಅಲ್ಲಾಡುದ್ರೆ ಮುಗೀತು."

"ಇನ್ನೊಂದ್ಸಲ ತೆಗುದ್ರಾಯ್ತು ಬುಡಪ್ಪ," ಎಂದವಳು ನಾಲಿಗೆ ಕಚ್ಚಿಕೊಂಡೆ. ಯಾರನ್ನು ನಡೆಸುವುದು?

ಗುಂಡುಗಳಿದ್ದ ಕೋಲೊಂದನ್ನು ಕೊಟ್ಟು, ಎಲ್ಲ ಕ್ಯಾಮೆರಾಗಳಿಗೂ ಕಾಣುವಂತೆ ಬೀಸುತ್ತ ಸುತ್ತಲು ಹೇಳಿದ. ಅದನ್ನು ನೋಡಿಯೇ ಯಾವ ಕ್ಯಾಮೆರಾ ಎತ್ತ ತಿರುಗಿದೆ ಎಂದು ಕಂಪ್ಯೂಟರಿಗೆ ತಿಳಿಯುತ್ತದಂತೆ. ಮಾದಪ್ಪನಿಗೆ ಚಾಮರ ಬೀಸಿದಂತೆ ಬೀಸಿದೆ. ಕಂಪ್ಯೂಟರು ಬಹಳ ಹೊತ್ತು ಲೆಕ್ಕ ಹಾಕಿತು. ಆಮೇಲೆ ಆ ಒಂಟಿ ಕಾಲು ಸದ್ದಿಲ್ಲದೆ ಜಾರಿ ಬಂದು ಅತ್ತೆಯನ್ನು ಸೇರಿಕೊಂಡಿತು.

ನಡುವಿನ ಚೆದುರಿದ ಭಾಗವೂ ಈಗ ಕಂಡಿತು. ಅತ್ತೆ ತಟ್ಟನೆ ನಿಂತು, ಬಗ್ಗಿ, ಕೈಯನ್ನು ಮುಖಕ್ಕೆ ತಂದರು. ಮೈದುನ ಅದನ್ನು ಅಲ್ಲಿಗೇ ನಿಲ್ಲಿಸಿದ.

"ಅವತ್ತೇ ನೋವಿತ್ತಾ ಅತ್ಗೆ? ನಾನು ಕಂಪ್ಯೂಟರ್ ನೋಡ್ತಿದ್ದಿ. ನೋವಲ್ಲೇ ನಡೆಸ್ಬುಟ್ನಾ?"

ಅವತ್ತು ನಾನು ಬಾಗಿಲಲ್ಲೇ ನಿಂತಿದ್ದೆ.

"ನೋವಲ್ಲ ಕಣಪ್ಪ. ಹಾರದಿಂದ ಹೂ ಉದ್ರಿತ್ತು. ತುಳೀಬಾರ್ದು ಅಂತ ಎತ್ತಿ ಕಣ್ಗೊತ್ಕೊಂಡ್ರು."

ಅವನು ಅದನ್ನೇ ಮತ್ತೆ ಮತ್ತೆ ನಡೆಸಿ ನೋಡಿದ. ಆಮೇಲೆ, "ಈಗ ತಕ್ಕೊಳಿ," ಎಂದ. ಹಾರ ಬಿಚ್ಚುವಾಗ ಎಸಳುಗಳು ಉದುರಿದವು. ನಾನು ಬಗ್ಗುವ ಮೊದಲೇ ಅವನು ಬಗ್ಗಿದ್ದ.

ಹಾರವನ್ನು ತೆಂಗಿನ ಬುಡಕ್ಕೆ ಹಾಕಿ, ಕೈ ತೊಳೆದು, ದೇವರ ಗೂಡಿನ ಕೆಳಗೆ ಉರುಳಿದ್ದ ಅವರೆಬೇಳೆಯನ್ನು ಹುಡುಕತೊಡಗಿದೆ.