ಸ್ಟ್ಯಾಂಪರ್ ಮನೆತನದ ಕಿವಿಯಿಲ್ಲದ ಹಂದಿ

ಹೆಂಡತಿಯ ತವರಿನ ಹೆಸರು ಊರಿನ ಹಳ್ಳಕ್ಕೂ, ಹಳ್ಳದ ಸೇತುವೆಗೂ, ಸೇತುವೆ ದಾಟಿದ ಮೇಲೆ ಸಿಗುವ ರಸ್ತೆಗೂ, ಆ ರಸ್ತೆಯ ಕೊನೆಯಲ್ಲಿರುವ ಸ್ಮಶಾನಕ್ಕೂ ಇದ್ದುಬಿಟ್ಟರೆ ಗಂಡನಾದವನು ಎಲ್ಲಿಗೆ ಹೋಗಬೇಕು, ನೀವೇ ಹೇಳಿ. ಮಿಸ್ಸೂರಿಯ ಗುಡ್ಡಗಾಡಿನ ವರ್ಲಿನ್ ಸ್ಟ್ಯಾಂಪರನ ಪಾಡು ಅದೇ ಆಗಿತ್ತು. ಬ್ಲೆವಿನ್ಸ್ ಹಳ್ಳದಲ್ಲಿ ಮೀನು ಹಿಡಿದು ಬೆಳೆದ. ಬ್ಲೆವಿನ್ಸ್ ಸೇತುವೆಯ ಮೇಲೆ ಶಾಲೆಯ ಬಸ್ಸು ಓಡಿಸಿ ನಿವೃತ್ತನಾದ. ಬ್ಲೆವಿನ್ಸರ ಮಗಳು ಆರ್ಡಿತಳನ್ನು ಮದುವೆಯಾದ. ಕೊನೆಗೆ ಮಲಗಬೇಕಾದದ್ದೂ ಬ್ಲೆವಿನ್ಸ್ ಸ್ಮಶಾನದಲ್ಲೇ. (ಅಲ್ಲಿ ಅವನಿಗೆ ಜಾಗ ಈಗಲೇ ಕಾದಿರಿಸಿದ್ದಾರೆ. ಮೂಲೆಯಲ್ಲಿ, ಮಳೆನೀರು ನಿಲ್ಲುವ ಕಡೆ.)

ಪ್ರತಿ ಆಗಸ್ಟಿನಲ್ಲಿ ಹಳ್ಳದ ದಂಡೆಯ ಮರಗಳ ಕೆಳಗೆ ಬ್ಲೆವಿನ್ಸರ ಅಖಿಲ ಕುಟುಂಬ ಮಹಾ ಸಮ್ಮೇಳನ ನಡೆಯುತ್ತದೆ. ಮನೆಗೊಂದು ಅಡುಗೆ ಮಾಡಿ ತರುವುದು, ಮೂಗಿನ ಮಟ್ಟ ತಿನ್ನುವುದು, ಆಮೇಲೆ ಯಾರಾದರೊಬ್ಬರು ಎದ್ದು ನಿಂತು ಹಿರಿಯರ ಗುಣಗಾನ ಮಾಡುವುದು ಪದ್ಧತಿ. ಹೊರಗಿನಿಂದ ಬಂದ ಅಳಿಯಂದಿರಿಗೆ ಬೇರೆ ಮೇಜು, ಕಸದ ಡಬ್ಬಿಯ ಪಕ್ಕ. ಮದುವೆಯಾದಾಗಿನಿಂದ ವರ್ಲಿನ್ ಅಲ್ಲೇ ನೊಣ ಓಡಿಸುತ್ತ ಉಂಡಿದ್ದಾನೆ. ಒಮ್ಮೆಯಾದರೂ ಎದ್ದು ನಿಂತು ತನ್ನ ಹಿರಿಯರ ಬಗ್ಗೆ ನಾಲ್ಕು ಮಾತಾಡಬೇಕು, ದೊಡ್ಡ ಮೇಜಿನವರು ತಿನ್ನುವುದು ನಿಲ್ಲಿಸಿ ಕೇಳಬೇಕು. ಅವನಿಗಿದ್ದ ಆಸೆ ಇಷ್ಟೇ.

"ನೀವು ಏನಂತ ಮಾತಾಡ್ತೀರ್ರೀ?" ಆರ್ಡಿತ್ ಒಂದು ಬೆಳಿಗ್ಗೆ ಬನ್ನಿನಂಥ ಮೆತ್ತನೆಯ ಬಿಸ್ಕತ್ತಿನ ಮೇಲೆ ಬಿಸಿ ಗ್ರೇವಿ ಸುರಿಯುತ್ತ ನಕ್ಕಳು. "ನಿಮ್ಮ ವಂಶದಲ್ಲಿ ನಿಮ್ಮಪ್ಪನ ಹಳೇ ಟ್ರಕ್ಕಿನಿಂದಾಚೆಗೆ ಏನೂ ಕಾಣ್ಸಲ್ಲ."

"ತೋರಿಸ್ತೀನಿ ಕಣೇ! ಮುಂದಿನ ಆಗಸ್ಟಿಗೆ ನಿಮ್ಮ ಕುಲಕೋಟಿಯೆಲ್ಲ ಬಾಯಿ ಬಿಟ್ಕೊಂಡು ಕೇಳ್ಬೇಕು, ಹಾಗ್ ಮಾಡ್ತೀನಿ!"

"ನೀವೂ ಬಾಯಿ ಬಿಡಿ, ತಣ್ಣಗಾಗತ್ತೆ," ಎಂದು ತಟ್ಟೆ ಮುಂದಿಟ್ಟಳು.

ವರ್ಲಿನ್ ಸಂಶೋಧಕನಾದ. ಸಿಕ್ಕಸಿಕ್ಕ ನೆಂಟರಿಗೆಲ್ಲ ಫೋನು ಮಾಡಿದ. ಕೊನೆಗೆ ಓಕ್ಲಹೋಮದಲ್ಲಿದ್ದ ದೂರದ ಅಕ್ಕ ಒಬ್ಬಳು ಬಾಯಿಬಿಟ್ಟಳು. ಮುತ್ತಜ್ಜನ ಅಪ್ಪ ಎಫ್ರಾಯಿಮ್, ಅವನ ಹೆಂಡತಿ ಕೆಜಾಯಾ, ಇಬ್ಬರೂ ಇದೇ ಸೀಮೆಯ ಓಕ್ ಗುಡ್ಡದ ಮೇಲೆ ಜಮೀನು ಮಾಡಿಕೊಂಡಿದ್ದರಂತೆ. ಅಂತರ್ಯುದ್ಧ ಮುಗಿದ ಮರುವರ್ಷ, ಓಕ್ ಕಾಯಿ ಉದುರುವ ಕಾಲದಲ್ಲಿ, ಬೆಳಗಾಗುವುದರೊಳಗೆ ಗಾಡಿ ಕಟ್ಟಿಕೊಂಡು ಪಡುವಣಕ್ಕೆ ಹೊರಟುಬಿಟ್ಟರಂತೆ. ಒಲೆಯ ಮೇಲಿನ ಪಾತ್ರೆ ಕೂಡ ಇಳಿಸಲಿಲ್ಲವಂತೆ. ಮೊಮ್ಮಕ್ಕಳ ಕಾಲಕ್ಕೆ ಸಂಸಾರ ಮತ್ತೆ ಈ ಕಡೆ ಬಂತಂತೆ.

"ನೋಡಿದೆಯಾ! ಎಂಥ ಧೈರ್ಯ!" ಎಂದು ವರ್ಲಿನ್ ಹೆಂಡತಿಯ ಮುಂದೆ ಎದೆ ಸೆಟೆಸಿದ.

"ಧೈರ್ಯ ಸರಿ. ಅಷ್ಟೊಂದು ಗಡಿಬಿಡಿ ಯಾಕಂತೆ?"

"ಸಾಹಸಿಗಳು ಅಂದ್ರೆ ಹಾಗೇ ಕಣೇ. ಕೂತಲ್ಲೇ ಕೂತು ಕಂಡ ಹಳ್ಳಕ್ಕೆಲ್ಲ ತಮ್ಮ ಹೆಸರಿಡೋರಿಗೆ ಅದು ಅರ್ಥವಾಗಲ್ಲ."

ಆ ಗುಡ್ಡವನ್ನೂ ಹುಡುಕಿಕೊಂಡು ಹೋದ. ಮನೆಯಿದ್ದ ಜಾಗದಲ್ಲಿ ಮುಳ್ಳುಪೊದೆ. ಮಾಂಸಕ್ಕೆ ಹೊಗೆ ಹಾಕುತ್ತಿದ್ದ ಮರದ ಗುಡಿಸಲು ಮಾತ್ರ ಅರ್ಧ ಕುಸಿದು ನಿಂತಿತ್ತು. ಅದರ ಬಾಗಿಲ ಹಲಗೆಯ ಮೇಲೆ ಚಾಕುವಿನಲ್ಲಿ ಕೆತ್ತಿದ ಒಂದು ಪ್ರಾಣಿಯ ತಲೆ, ಅದರಡಿಯಲ್ಲಿ ಎರಡು ಅಕ್ಷರ: ಎಫ್ರಾಯಿಮನದೊಂದು, ಕೆಜಾಯಾಳದೊಂದು. ವರ್ಲಿನನಿಗೆ ಮೈ ಜುಮ್ಮೆಂದಿತು. ಜಮೀನಿನವನನ್ನು ಕಾಡಿ ಬೇಡಿ ಹಲಗೆ ಕಿತ್ತು ತಂದು, ನಡುಮನೆಯಲ್ಲಿ ಮಾವನ ಫೋಟೋ ಇಳಿಸಿ ಅಲ್ಲಿ ತೂಗುಹಾಕಿದ.

"ಏನ್ರೀ ಇದು? ಆಲೂಗಡ್ಡೆ ಚಿತ್ರ ಹಾಕಿದೀರಾ?"

"ಕಣ್ಣಿಲ್ವಾ ನಿಂಗೆ? ಕರಡಿ ಅದು! ನಮ್ಮ ವಂಶಲಾಂಛನ!"

"ಕರಡಿಗೆ ಕಿವಿ ಇರಲ್ವಾ?"

ವರ್ಲಿನ್ ಆಗ ನೋಡಿದ. ನಿಜ, ಕಿವಿ ಇರಲಿಲ್ಲ. ಹೆಂಡತಿಯ ಮಾತು ನಿಜವಾಗಿಬಿಟ್ಟರೆ ಆಗುವ ಸಂಕಟ ಗಂಡಂದಿರಿಗೇ ಗೊತ್ತು. ಹಲಗೆಯನ್ನು ಕಂಕುಳಲ್ಲಿಟ್ಟುಕೊಂಡು ನೇರ ಹೋಗಿದ್ದು ಕೋಳಿಮೇವು ಮಾರುವ ಕ್ಲೆಟಸನ ಅಂಗಡಿಗೆ.

"ಇದು ಹಂದಿ ಕಣಯ್ಯಾ," ಎಂದ ಕ್ಲೆಟಸ್. "ಆಗೆಲ್ಲ ಬೇಲಿ ಹಾಕ್ತಿದ್ದಿದ್ದು ಜೋಳದ ಹೊಲಕ್ಕೆ. ಹಂದೀನೆಲ್ಲ ಓಕ್ ಕಾಯಿ ತಿಂದ್ಕೊಂಡಿರ್ಲಿ ಅಂತ ಕಾಡಿಗೆ ಬಿಡೋರು. ಎಲ್ಲಾರ್ದೂ ಒಟ್ಟಿಗೇ ಮೇಯ್ತಿದ್ವಲ್ಲ, ಗುರ್ತು ಬೇಕಲ್ಲ? ಅದಕ್ಕೆ ಒಬ್ಬೊಬ್ರು ಒಂದೊಂದ್ ಥರ ಕಿವಿ ಕೊಯ್ಯೋರು. ಒಬ್ಬ ಸೀಳ್ತಿದ್ದ, ಒಬ್ಬ ತೂತು ಮಾಡ್ತಿದ್ದ, ಒಬ್ಬ ತುದಿ ಹಾರಿಸ್ತಿದ್ದ."

"ನಮ್ಮ ಎಫ್ರಾಯಿಮಜ್ಜ?"

"ನಿಮ್ಮಜ್ಜ..." ಕ್ಲೆಟಸ್ ಹಲಗೆಯನ್ನು ಬೆಳಕಿಗೆ ಹಿಡಿದ. "ಎರಡೂ ಕಿವೀನ ಬುಡಕ್ಕೇ ಕೊಯ್ದಿದಾನೆ." ಇನ್ನೇನೋ ಹೇಳಲು ಬಾಯಿ ತೆರೆದವನು ವರ್ಲಿನನ ಮುಖ ನೋಡಿ ಕೆಮ್ಮಿದ. "ಬರ್ಲಾ? ಒಳಗೆ ಕೆಲ್ಸ ಇದೆ."

ವರ್ಲಿನ್ ಆ ಕೆಮ್ಮನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಆಹಾ, ಎಂಥ ಗುರುತು! ಮಿಕ್ಕವರದೆಲ್ಲ ಜುಜುಬಿ ಸೀಳು, ಜುಜುಬಿ ತೂತು. ತನ್ನ ಹಿರಿಯರದು ಮೈಲಿ ದೂರದಿಂದ ಕಾಣುವಂಥದ್ದು! ಸರಿ, ಆಗಸ್ಟ್ ಬರುವಷ್ಟರಲ್ಲಿ ಬ್ಲೆವಿನ್ಸರ ಇಡೀ ಬಳಗಕ್ಕೆ ಅಂಗಿ ಹೊಲಿಸಿದ. ಎದೆಯ ಮೇಲೆ ಕಿವಿಯಿಲ್ಲದ ಹಂದಿಯ ತಲೆ, ಅದರ ಕೆಳಗೆ ಕೆಂಪಕ್ಷರದಲ್ಲಿ "ಮುಚ್ಚುಮರೆಯಿಲ್ಲದ ಮನೆತನ". ಬಿಟ್ಟಿ ಅಂಗಿ ಬೇಡವೆನ್ನಲು ಬ್ಲೆವಿನ್ಸರೇನು ದೇವದೂತರೇ? ಮುದುಕರು, ಮೊಮ್ಮಕ್ಕಳು, ಕೊನೆಗೆ ಬಸುರಿ ಹೆಂಗಸರೂ ತೊಟ್ಟುಕೊಂಡರು. ಹಳ್ಳದ ದಂಡೆಯಲ್ಲಿ ಎಲ್ಲಿ ನೋಡಿದರೂ ಕಿವಿಯಿಲ್ಲದ ಹಂದಿ.

ಊಟಕ್ಕೆ ಮೊದಲೇ ವರ್ಲಿನ್ ಎದ್ದು ನಿಂತ. ದೊಡ್ಡ ಮೇಜಿನವರು ನಿಜವಾಗಿಯೂ ಅವನತ್ತ ತಿರುಗಿದರು. ಎಫ್ರಾಯಿಮನ ದುಡಿಮೆಯನ್ನು ಬಣ್ಣಿಸಿದ, ಕೆಜಾಯಾಳ ತಾಳ್ಮೆಯನ್ನು ಬಣ್ಣಿಸಿದ. ಅಂತರ್ಯುದ್ಧ ಮುಗಿದ ಮರುವರ್ಷ, ಓಕ್ ಕಾಯಿ ಉದುರುವ ಹೊತ್ತಿನಲ್ಲಿ, ಒಂದೇ ರಾತ್ರಿಯಲ್ಲಿ ಗಾಡಿ ಕಟ್ಟಿದ ಅವರ ಸಾಹಸವನ್ನು ಕೈ ಬೀಸಿ ಬೀಸಿ ಬಣ್ಣಿಸಿದ. ಆಮೇಲೆ ಹಲಗೆ ಎತ್ತಿಹಿಡಿದ. "ಬುಡಸಮೇತ ಕತ್ತರಿಸಿದ ಎರಡು ಕಿವಿ! ಇದೇ ನಮ್ಮ ಗುರುತು!"

ಮೊದಲು ಕೆಮ್ಮಿದ್ದು ದೊಡ್ಡ ಮೇಜಿನ ತುದಿಯಲ್ಲಿದ್ದ ಓಮಾ ಅತ್ತೆ. ಆರ್ಡಿತಳ ಅಪ್ಪನ ಅಕ್ಕ. ತೊಂಬತ್ತರ ಮುದುಕಿ, ಜೀವಮಾನವೆಲ್ಲ ಹಂದಿ ಸಾಕಿದವಳು, ಈಗ ಕಣ್ಣು ಮಂದ, ಬಾಯಿ ಮಾತ್ರ ಮೊದಲಿನ ಹಾಗೇ. "ಏನಂದೆ? ಎರಡೂನಾ? ಬುಡಕ್ಕಾ?"

"ಹೌದು ಓಮಾ ಅತ್ತೆ!"

"ಅಯ್ಯೋ ಮಂಕೇ. ಕಾಡಲ್ಲಿ ಯಾರ್ದೋ ಹಂದಿ ಹಿಡ್ಕೊಂಬಂದು, ಅವ್ರ ಗುರ್ತು ಉಳೀದ ಹಾಗೆ ಕಿವೀನ ಬುಡಕ್ಕೇ ಕೊಯ್ದುಬಿಟ್ರೆ, ಅದು ಯಾರ್ದು ಅಂತ ಯಾವನು ಹೇಳ್ತಾನೆ? ಅಂಥ ಗುರ್ತು ಇಟ್ಕೊಂಡೋನನ್ನ ಊರಲ್ಲಿ ಏನಂತಿದ್ರು ಗೊತ್ತಾ? ಹಂದಿಕಳ್ಳ ಅಂತಿದ್ರು!"

ವರ್ಲಿನ್ ಎತ್ತಿಹಿಡಿದಿದ್ದ ಹಲಗೆಯನ್ನು ಮೆಲ್ಲಗೆ ಕೆಳಗಿಳಿಸಿದ.

"ಇರು, ಇರು," ಮುದುಕಿ ಬೆರಳೆತ್ತಿದಳು. "ಓಕ್ ಗುಡ್ಡ ಅಂದ್ಯಲ್ಲ? ಯುದ್ಧದ ಮರುವರ್ಷ ಅಂದ್ಯಲ್ಲ? ನಮ್ಮ ಅಜ್ಜನ ಅಮ್ಮ ಬರೀ ಜೋಳದ ರೊಟ್ಟಿ ತಿನ್ನಿಸಿ ಮಕ್ಕಳನ್ನ ಉಳಿಸ್ಕೊಂಡಿದ್ದು ಅದೇ ಚಳಿಗಾಲ ಅಲ್ವೇನೇ ಆರ್ಡಿತ್?"

ಆ ಕಥೆ ಎಲ್ಲರಿಗೂ ಬಾಯಿಪಾಠ. ಪ್ರತಿ ಆಗಸ್ಟಿನಲ್ಲೂ ಹೇಳಲೇಬೇಕಾದ ಕಥೆ. ಕಾಡಿಗೆ ಬಿಟ್ಟಿದ್ದ ಬ್ಲೆವಿನ್ಸರ ಹಂದಿಗಳೆಲ್ಲ ಒಂದೇ ವಾರದಲ್ಲಿ ಮಾಯವಾದವು, ಆ ಚಳಿಗಾಲ ಇಡೀ ಸಂಸಾರ ಹಸಿದುಕೊಂಡೇ ಮಲಗಿತು, ಕಳ್ಳ ಮಾತ್ರ ಸಿಗಲಿಲ್ಲ. ಕಥೆ ಮುಗಿದಾಗಲೆಲ್ಲ ಕಸದ ಡಬ್ಬಿಯ ಪಕ್ಕದ ಮೇಜನ್ನು ಗುದ್ದಿ, "ಅವನ ವಂಶ ಹಾಳಾಗ!" ಎಂದು ಎಲ್ಲರಿಗಿಂತ ಜೋರಾಗಿ ಶಾಪ ಹಾಕುತ್ತಿದ್ದವನು ಯಾರು? ನಮ್ಮ ವರ್ಲಿನನೇ. ಅತ್ತೆಮನೆಯವರನ್ನು ಮೆಚ್ಚಿಸಲು!

ನಾಚಿಕೆಯಾಯಿತು. ಸಣ್ಣಪುಟ್ಟ ನಾಚಿಕೆಯಲ್ಲ, ಭೂಮಿ ಬಾಯಿಬಿಟ್ಟರೆ ಹಲಗೆಸಮೇತ ಇಳಿದುಬಿಡೋಣ ಎನ್ನಿಸುವ ನಾಚಿಕೆ. ಅಡಗಿಕೊಳ್ಳೋಣವೆಂದರೆ ಸುತ್ತ ನಿಂತ ಪ್ರತಿಯೊಬ್ಬರ ಎದೆಯ ಮೇಲಿಂದಲೂ ಎಫ್ರಾಯಿಮನ ಹಂದಿ ಅವನನ್ನೇ ನೋಡುತ್ತಿದೆ. ಅಂಗಿ ಹಂಚಿದವನೂ ತಾನೇ. ತಾನು ತೊಟ್ಟದ್ದನ್ನಾದರೂ ಬಿಚ್ಚಲು ಹೋದ, ಗುಂಡಿ ಇಲ್ಲದ ಅಂಗಿ ತಲೆಯಲ್ಲಿ ಸಿಕ್ಕಿಕೊಂಡಿತು. ಆರ್ಡಿತ್ ಬಂದು ಮತ್ತೆ ಕೆಳಗೆಳೆದಳು.

"ಎಲ್ಲರೂ ನೋಡ್ತಿದಾರೆ ರೀ. ಹೊಟ್ಟೆ ಬೇರೆ ತೋರಿಸ್ಬೇಡಿ."

"ತಪ್ಪಾಯ್ತು," ಎಂದ ವರ್ಲಿನ್. "ಎಫ್ರಾಯಿಮಜ್ಜನ ಪರವಾಗಿ, ಕೆಜಾಯಜ್ಜಿಯ ಪರವಾಗಿ... ನಿಮ್ಮ ಮಕ್ಕಳು ಹಸ್ಕೊಂಡು ಮಲಗಿದ್ರು. ನಂಗೆ ಗೊತ್ತಿರ್ಲಿಲ್ಲ. ನಾನು ಆ ಮೂಲೆ ಮೇಜಿಗೂ ಲಾಯಕ್ಕಿಲ್ಲ. ಹೊರಡ್ತೀನಿ." ಅವನ ಕಣ್ಣಲ್ಲಿ ನಿಜವಾಗಿಯೂ ನೀರು ಬಂದಿತ್ತು.

"ಎಲ್ಲಿಗೆ? ಗಾಡಿ ಕಟ್ಕೊಂಡು ರಾತ್ರೋರಾತ್ರಿ ಓಡೋದು ಇವ್ರ ಮನೇಲಿ ರೂಢಿ," ಎಂದಳು ಓಮಾ ಅತ್ತೆ. "ಬಾರೋ ಇಲ್ಲಿ."

ಬಂದ. ಮುದುಕಿ ತಡವಿ ಅವನ ಎಡಗಿವಿ ಹಿಡಿದುಕೊಂಡಳು. ಹಂದಿಮರಿ ಹಿಡಿದು ರೂಢಿಯಾದ ಕೈ, ಬಿಡಿಸಿಕೊಳ್ಳುವ ಮಾತೇ ಇಲ್ಲ. "ಬ್ಲೆವಿನ್ಸರ ಗುರ್ತು ಎಡಗಿವೀಲಿ ಒಂದು ಸೀಳು. ಇಷ್ಟು ವರ್ಷದಿಂದ ಇದು ನಮ್ಮ ಮಂದೇಲೇ ಮೇಯ್ತಾ ಇದೆ, ಯಾರೂ ಗುರ್ತು ಹಾಕ್ಲೇ ಇಲ್ವಲ್ರೇ! ಯಾವಳಾದ್ರೂ ಕತ್ತರಿ ತನ್ನಿ."

"ಅತ್ತೇ!" ವರ್ಲಿನ್ ಕಿರುಚಿದ.

ಕತ್ತರಿ ಸಿಗಲಿಲ್ಲ. (ಆರ್ಡಿತ್ ಹುಡುಕಿದಳು ಎಂಬುದನ್ನು ಇಲ್ಲಿ ಹೇಳದೆ ವಿಧಿಯಿಲ್ಲ.) ಮೇಜಿನ ಹೊದಿಕೆ ಗಾಳಿಗೆ ಹಾರದಿರಲೆಂದು ಸಿಕ್ಕಿಸಿದ್ದ ಬಟ್ಟೆ ಒಣಹಾಕುವ ಕ್ಲಿಪ್ಪೊಂದನ್ನು ಓಮಾ ಅತ್ತೆ ಕಿತ್ತು, ಅವನ ಎಡಗಿವಿಗೆ ಟಪ್ಪನೆ ಸಿಕ್ಕಿಸಿದಳು. ಬ್ಲೆವಿನ್ಸರ ಇಡೀ ಬಳಗ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಊಟ ಮುಗಿಯುವವರೆಗೂ ತೆಗೆಯಕೂಡದೆಂದು ಅಪ್ಪಣೆಯಾಯಿತು. ದೊಡ್ಡ ಮೇಜಿನಲ್ಲಿ, ತನ್ನ ಪಕ್ಕದಲ್ಲೇ ಕೂರಿಸಿಕೊಂಡಳು ಮುದುಕಿ.

ಅಷ್ಟು ವರ್ಷ ಆಸೆಪಟ್ಟ ಜಾಗ! ವರ್ಲಿನ್ ಅಲ್ಲಿ ಕಿವಿಗೆ ಕ್ಲಿಪ್ಪು ಹಾಕಿಕೊಂಡು, ತಲೆ ತಗ್ಗಿಸಿ, ಕಿವಿಗಿಂತ ಕೆಂಪಗಿನ ಮುಖ ಹೊತ್ತು ಕೂತಿದ್ದ. ತಟ್ಟೆಗೆ ಬರೀ ಹುರುಳಿಕಾಯಿ, ಜೋಳದ ರೊಟ್ಟಿ ಹಾಕಿಕೊಂಡಿದ್ದ. ಹೊಗೆಯಲ್ಲಿ ಬೆಂದು ಘಮಘಮಿಸುತ್ತಿದ್ದ ಹಂದಿತೊಡೆಯ ಪರಾತ ಎದುರಿಗೆ ಬಂದಾಗ ಮುಖ ಅತ್ತ ತಿರುಗಿಸಿ ಮುಂದಕ್ಕೆ ದಾಟಿಸಿದ.

ಆರ್ಡಿತ್ ಆ ಪರಾತವನ್ನು ತಡೆದು ನಿಲ್ಲಿಸಿದಳು. ಇದ್ದುದರಲ್ಲೇ ದೊಡ್ಡ ತುಂಡೊಂದನ್ನು ಆರಿಸಿ ಗಂಡನ ತಟ್ಟೆಗೆ ಹಾಕಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ತಿನ್ರೀ, ಸಂಕೋಚ ಯಾಕೆ? ನಮ್ಮನೆ ಹಂದಿ ನಿಮ್ಮೋರಿಗೆ ಹೊಸದೇನಲ್ವಲ್ಲ."